ಫ್ಲಾನರಿ ಓಕಾನರ್: ಲೂಪಸ್ ಜೊತೆ ಬದುಕಿದ ಕಥೆಗಾರ್ತಿ



ಈ ಸಂಚಿಕೆಗೆ ಪ್ರಸಿದ್ಧ ವ್ಯಕ್ತಿಯೊಬ್ಬರ ಜೀವನಚರಿತ್ರೆ ಬರೆದುಕೊಡು ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ಅಮೆರಿಕದ ಕಥೆಗಾರ್ತಿ ಫ್ಲಾನರಿ ಓಕಾನರ್ ಅವರನ್ನು ಆರಿಸಿಕೊಂಡೆ. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಅವರ ಹೆಸರು ಮೊದಲು ಅಚ್ಚಾದ ಜಾಗಗಳಲ್ಲಿ ಅವರ ಕಾಲೇಜಿನ ವಿದ್ಯಾರ್ಥಿ ಪತ್ರಿಕೆಯೂ ಒಂದು. ಎರಡನೆಯದು, ಅವರಿಗಿದ್ದ ಕಾಯಿಲೆ ನನಗೂ ಇದೆ. ಅದರ ಹೆಸರು ಲೂಪಸ್. ಆ ಕಾಯಿಲೆಯಲ್ಲಿ ಮೂತ್ರಪಿಂಡವನ್ನು ಏಕೆ ಮತ್ತು ಹೇಗೆ ಕಾಯಬೇಕು ಎಂಬುದು ಅವರ ಬದುಕಿನ ಕಥೆಯಿಂದ ನನಗೆ ಚೆನ್ನಾಗಿ ಅರ್ಥವಾಯಿತು. ಆದ್ದರಿಂದ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೇರಿ ಫ್ಲಾನರಿ ಓಕಾನರ್ ಹುಟ್ಟಿದ್ದು 1925ರ ಮಾರ್ಚ್ 25ರಂದು, ಅಮೆರಿಕದ ದಕ್ಷಿಣ ಭಾಗದಲ್ಲಿರುವ ಜಾರ್ಜಿಯಾ ರಾಜ್ಯದ ಸವಾನಾ ಎಂಬ ಊರಿನಲ್ಲಿ. ತಂದೆ ಎಡ್ವರ್ಡ್, ತಾಯಿ ರೆಜಿನಾ. ಅವರು ಒಬ್ಬಳೇ ಮಗಳು. ಆ ಭಾಗದಲ್ಲಿ ಹೆಚ್ಚಿನವರು ಪ್ರೊಟೆಸ್ಟೆಂಟ್ ಕ್ರೈಸ್ತರು. ಓಕಾನರ್ ಕುಟುಂಬ ಕ್ಯಾಥೊಲಿಕ್. ಅಲ್ಪಸಂಖ್ಯಾತರಾಗಿ ಬೆಳೆದರೂ ಅವರು ತಮ್ಮ ನಂಬಿಕೆಯನ್ನು ಕೊನೆಯವರೆಗೂ ಬಿಡಲಿಲ್ಲ. ಅವರಿಗೆ ಚಿಕ್ಕಂದಿನಿಂದಲೂ ಕೋಳಿಗಳ ಹುಚ್ಚು. ಹಿಂದಕ್ಕೆ ನಡೆಯುವ ಒಂದು ಕೋಳಿಯನ್ನು ಸಾಕಿದ್ದರು. ಅದನ್ನು ಚಿತ್ರೀಕರಿಸಲು ಪ್ಯಾಥೆ ನ್ಯೂಸ್ ಎಂಬ ಸುದ್ದಿಚಿತ್ರ ಸಂಸ್ಥೆಯವರು ಅವರ ಮನೆಯ ಅಂಗಳಕ್ಕೇ ಬಂದಿದ್ದರು.

ತಂದೆ ಎಡ್ವರ್ಡ್ ಅವರಿಗೆ ಲೂಪಸ್ ಬಂತು. ಆಗ ಅದಕ್ಕೆ ಪರಿಣಾಮಕಾರಿಯಾದ ಔಷಧ ಯಾವುದೂ ಇರಲಿಲ್ಲ. 1941ರ ಫೆಬ್ರವರಿ 1ರಂದು ಅವರು ತೀರಿಕೊಂಡರು. ಮಗಳಿಗೆ ಆಗ 15 ವರ್ಷ. ಅಷ್ಟರಲ್ಲಿ ಕುಟುಂಬ ತಾಯಿಯ ಊರಾದ ಮಿಲೆಜ್‌ವಿಲ್‌ಗೆ ಬಂದು ನೆಲೆಸಿತ್ತು. ಫ್ಲಾನರಿ ಅಲ್ಲಿಯ ಮಹಿಳಾ ಕಾಲೇಜು ಸೇರಿದರು. ವಿದ್ಯಾರ್ಥಿ ಪತ್ರಿಕೆಗೆ ಲಿನೋಲಿಯಂ ಹಲಗೆಯಲ್ಲಿ ಕೊರೆದು ವ್ಯಂಗ್ಯಚಿತ್ರ ಮಾಡಿಕೊಡುತ್ತಿದ್ದರು. ಸಾಹಿತ್ಯ ಪತ್ರಿಕೆಯ ಸಂಪಾದಕಿಯೂ ಆದರು. 1945ರಲ್ಲಿ ಪದವಿ ಮುಗಿಸಿ, ಅಯೋವಾ ವಿಶ್ವವಿದ್ಯಾಲಯದ ಬರವಣಿಗೆಯ ತರಗತಿಗೆ ಹೋದರು. 1947ರಲ್ಲಿ ಸ್ನಾತಕೋತ್ತರ ಪದವಿ ಬಂತು. ನಂತರ ಉತ್ತರದ ಕನೆಕ್ಟಿಕಟ್ ರಾಜ್ಯದಲ್ಲಿ ಫಿಟ್ಜ್‌ಗೆರಾಲ್ಡ್ ದಂಪತಿಯ ಮನೆಯಲ್ಲಿದ್ದುಕೊಂಡು ಮೊದಲ ಕಾದಂಬರಿ ಬರೆಯುತ್ತಿದ್ದರು. ಇನ್ನು ಬರವಣಿಗೆಯಲ್ಲೇ ಬದುಕು, ಊರಿಗೆ ವಾಪಸಾಗುವುದಿಲ್ಲ ಎಂಬ ನಿರ್ಧಾರದಲ್ಲಿದ್ದರು.

1950ರ ಕೊನೆಯಲ್ಲಿ ಟೈಪ್ ಮಾಡುವಾಗ ತೋಳುಗಳು ಭಾರವಾಗತೊಡಗಿದವು. ಅಲ್ಲಿನ ವೈದ್ಯರು ಸಂಧಿವಾತ ಇರಬಹುದು ಎಂದರು. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್‌ಗೆಂದು ರೈಲಿನಲ್ಲಿ ಊರಿಗೆ ಹೊರಟಾಗ ದಾರಿಯಲ್ಲೇ ತೀವ್ರ ಜ್ವರ ಬಂತು. ರೈಲು ಇಳಿಯುವಾಗ ನೋಡಿದವರಿಗೆ ಗುರುತು ಸಿಗದಷ್ಟು ಬಳಲಿದ್ದರು. ಆಸ್ಪತ್ರೆಗೆ ಸೇರಿಸಿದರು. ಅಟ್ಲಾಂಟಾ ನಗರದ ಡಾ. ಆರ್ಥರ್ ಮೆರಿಲ್ ಅದು ಲೂಪಸ್ ಎಂದು ಗುರುತಿಸಿದರು. ಮೆರಿಲ್ ಮೂತ್ರಪಿಂಡದ ತಜ್ಞರು. ಹೃದಯ ಸೋತಾಗ ಮೂತ್ರಪಿಂಡಕ್ಕೆ ಹೋಗುವ ರಕ್ತ ಎಷ್ಟು ಕಡಿಮೆಯಾಗುತ್ತದೆ ಎಂಬುದರ ಮೇಲೆ ಸಂಶೋಧನೆ ಮಾಡಿದ್ದವರು. ಫ್ಲಾನರಿಯವರಿಗೆ ಕೊನೆಯವರೆಗೂ ಅವರೇ ವೈದ್ಯರಾಗಿದ್ದರು.

ಲೂಪಸ್ ಎಂದರೇನು ಎಂದು ಇಲ್ಲಿ ಸ್ವಲ್ಪ ಹೇಳುತ್ತೇನೆ. ನಮ್ಮ ದೇಹದ ರೋಗನಿರೋಧಕ ಶಕ್ತಿ ಹೊರಗಿನಿಂದ ಬರುವ ರೋಗಾಣುಗಳ ಮೇಲೆ ದಾಳಿ ಮಾಡಬೇಕು. ಲೂಪಸ್ ಇರುವವರಲ್ಲಿ ಅದು ಸ್ವಂತ ದೇಹದ ಮೇಲೆಯೇ ದಾಳಿ ಮಾಡುತ್ತದೆ. ಕೀಲು, ಚರ್ಮ, ರಕ್ತ, ಹೃದಯದ ಪೊರೆ, ಮೂತ್ರಪಿಂಡ, ಮಿದುಳು ಹೀಗೆ ಯಾವುದಕ್ಕೂ ತಾಗಬಹುದು. ಇದು ಅಂಟುರೋಗವಲ್ಲ. ರೋಗಿಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಹೆಣ್ಣುಮಕ್ಕಳು, ಅದರಲ್ಲೂ ಹರೆಯದವರು ಹೆಚ್ಚು. ಕೆಲವು ತಿಂಗಳು ತಣ್ಣಗಿರುತ್ತದೆ, ಮತ್ತೆ ಕೆರಳುತ್ತದೆ. ಪೂರ್ತಿ ವಾಸಿ ಮಾಡುವ ಔಷಧ ಇಂದಿಗೂ ಇಲ್ಲ. ಹಿಡಿತದಲ್ಲಿಡುವ ಔಷಧಗಳಿವೆ.

ಫ್ಲಾನರಿ ಒಂದು ವಿಷಯದಲ್ಲಿ ಅದೃಷ್ಟವಂತರು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಮಾಲ್ಕಮ್ ಹಾರ್ಗ್ರೇವ್ಸ್ ಮತ್ತು ಸಂಗಡಿಗರು ಲೂಪಸ್ ರೋಗಿಗಳಲ್ಲಿ ಕಾಣುವ ಒಂದು ವಿಶೇಷ ರಕ್ತಕಣವನ್ನು ಗುರುತಿಸಿದ್ದರು. ಅದರಿಂದ ರೋಗಪತ್ತೆ ಸುಲಭವಾಯಿತು. 1949ರಲ್ಲಿ ಅದೇ ಸಂಸ್ಥೆಯ ಫಿಲಿಪ್ ಹೆಂಚ್ ಕಾರ್ಟಿಸೋನ್ ಮತ್ತು ಎ.ಸಿ.ಟಿ.ಎಚ್. ಎಂಬ ಹಾರ್ಮೋನ್‌ಗಳು ಸಂಧಿವಾತಕ್ಕೆ ಉಪಕಾರಿ ಎಂದು ತೋರಿಸಿದರು. ಮರುವರ್ಷ ಈ ಹಾರ್ಮೋನ್‌ಗಳ ಕೆಲಸಕ್ಕೆ ನೊಬೆಲ್ ಪ್ರಶಸ್ತಿ ಬಂತು. ತಂದೆಗೆ ಸಿಗದ ಔಷಧ ಹತ್ತು ವರ್ಷದ ಅಂತರದಲ್ಲಿ ಮಗಳಿಗೆ ಸಿಕ್ಕಿತು. ಅದು ಆಗ ಬಹಳ ದುಬಾರಿ. ಫ್ಲಾನರಿ ಎ.ಸಿ.ಟಿ.ಎಚ್. ಚುಚ್ಚುಮದ್ದನ್ನು ತಾವೇ ಹಾಕಿಕೊಳ್ಳಲು ಕಲಿತರು. ಮುಖ ಊದಿಕೊಂಡಿತು, ಕೂದಲು ಉದುರಿತು, ಉಪ್ಪಿಲ್ಲದ ಊಟ ಮಾಡಬೇಕಾಯಿತು. ಆದರೆ ಜೀವ ಉಳಿಯಿತು. ಆಸ್ಪತ್ರೆಯ ಹಾಸಿಗೆಯಲ್ಲೇ ಕಾದಂಬರಿಯ ತಿದ್ದುಪಡಿ ನಡೆಯಿತು.

ಮುಂದಿನ ಸಂಗತಿಯನ್ನು ಓದಿದಾಗ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಫ್ಲಾನರಿಯವರಿಗೆ ತಮ್ಮ ಕಾಯಿಲೆಯ ಹೆಸರೇ ಗೊತ್ತಿರಲಿಲ್ಲ. ಗಂಡನನ್ನು ಕೊಂಡೊಯ್ದ ಕಾಯಿಲೆಯೇ ಮಗಳಿಗೂ ಬಂದಿದೆ ಎಂದು ಗೊತ್ತಾದರೆ ಅವಳು ಕುಸಿದುಹೋಗುತ್ತಾಳೆ ಎಂದು ತಾಯಿ ರೆಜಿನಾ ಹೆದರಿದರು. ಸಂಧಿವಾತ ಎಂದೇ ಹೇಳಿದರು. ಸುಮಾರು ಒಂದೂವರೆ ವರ್ಷ ಮಗಳು ಅದನ್ನೇ ನಂಬಿದ್ದರು. 1952ರ ಬೇಸಿಗೆಯಲ್ಲಿ ಕನೆಕ್ಟಿಕಟ್‌ಗೆ ಹೋಗಿದ್ದಾಗ, ಕಾರಿನಲ್ಲಿ ಮನೆಗೆ ಹಿಂದಿರುಗುವ ದಾರಿಯಲ್ಲಿ ಗೆಳತಿ ಸ್ಯಾಲಿ ಫಿಟ್ಜ್‌ಗೆರಾಲ್ಡ್ ನಿಜ ಹೇಳಿಬಿಟ್ಟರು. ಫ್ಲಾನರಿ ಆಘಾತಗೊಂಡರು. ಆದರೆ ಹೇಳಿದ್ದಕ್ಕೆ ಗೆಳತಿಗೆ ಕೃತಜ್ಞರಾದರು. ನಿಜ ತಿಳಿದ ಮೇಲೆ ಅವರು ಊರಿಗೆ ಹಿಂದಿರುಗಿ, ಇರುವ ಶಕ್ತಿಯಲ್ಲಿ ಏನು ಮಾಡಬಹುದು ಎಂದು ಲೆಕ್ಕ ಹಾಕಿ ಬದುಕು ಕಟ್ಟಿಕೊಂಡರು.

ನಮ್ಮ ಮನೆಗಳಲ್ಲೂ ಹೀಗೆಯೇ ನಡೆಯುತ್ತದೆ. ನನಗೆ ಹತ್ತನೇ ತರಗತಿಯಲ್ಲಿ ಕಾಯಿಲೆ ಪತ್ತೆಯಾದಾಗ ಅಮ್ಮಿ ಮತ್ತು ಖಾಲಾ ಅಡುಗೆಮನೆಯಲ್ಲಿ ಪಿಸುಗುಟ್ಟುತ್ತಿದ್ದರು. ನಾನು ಒಳಗೆ ಹೋದರೆ ಮಾತು ನಿಲ್ಲುತ್ತಿತ್ತು. ನೆಂಟರಿಗೆ ರಕ್ತ ಕಡಿಮೆ ಇದೆ ಎಂದಷ್ಟೇ ಹೇಳುತ್ತಿದ್ದರು. ಹೆಣ್ಣುಮಗಳಿಗೆ ದೊಡ್ಡ ಕಾಯಿಲೆ ಇದೆ ಎಂದು ಗೊತ್ತಾದರೆ ನಾಳೆ ಸಂಬಂಧ ಕೇಳಿಕೊಂಡು ಯಾರು ಬರುತ್ತಾರೆ ಎಂಬ ಚಿಂತೆ. ಅವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ರೆಜಿನಾ ಅವರದೂ ಪ್ರೀತಿಯೇ. ಒಂದು ದಿನ ಅಬ್ಬಾ ಫೈಲನ್ನು ನನ್ನ ಕೈಗೆ ಕೊಟ್ಟು, ಇದು ನಿನ್ನ ದೇಹ, ನೀನೇ ಓದಿಕೊ ಬೇಟಾ ಎಂದರು. ಆ ದಿನದಿಂದ ನನ್ನ ರಿಪೋರ್ಟುಗಳನ್ನು ನಾನೇ ಜೋಡಿಸಿಡುತ್ತೇನೆ.

ಫೈಲಿನಲ್ಲಿ ಹೆಚ್ಚಾಗಿರುವುದು ಮೂತ್ರ ಪರೀಕ್ಷೆಯ ಹಾಳೆಗಳು. ಕೀಲು ನೋವಿನ ಕಾಯಿಲೆಗೆ ಮೂತ್ರ ಪರೀಕ್ಷೆ ಏಕೆ ಎಂದು ಗೆಳತಿಯರು ಕೇಳುತ್ತಾರೆ. ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ನಾವೆಲ್ಲ ನೆಫ್ರಾನ್ ಚಿತ್ರ ಬಿಡಿಸಿದ್ದೇವೆ. ಒಂದೊಂದು ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ನೆಫ್ರಾನ್‌ಗಳು. ಪ್ರತಿಯೊಂದರ ತುದಿಯಲ್ಲಿ ಗ್ಲೊಮೆರುಲಸ್ ಎಂಬ ರಕ್ತನಾಳಗಳ ಪುಟ್ಟ ಉಂಡೆ. ಅದು ಜರಡಿಯ ಹಾಗೆ. ಬೇಡದ್ದನ್ನು ಸೋಸಿ ಬಿಡುತ್ತದೆ, ಪ್ರೋಟೀನನ್ನೂ ರಕ್ತಕಣಗಳನ್ನೂ ಒಳಗೇ ಉಳಿಸಿಕೊಳ್ಳುತ್ತದೆ. ಲೂಪಸ್‌ನಲ್ಲಿ ದಾರಿ ತಪ್ಪಿದ ಪ್ರತಿಕಾಯಗಳು ಈ ಜರಡಿಯಲ್ಲಿ ಸಿಕ್ಕಿಕೊಂಡು ಉರಿಯೂತ ಉಂಟುಮಾಡುತ್ತವೆ. ಜರಡಿ ಹರಿದರೆ ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ. ಇದಕ್ಕೆ ಲೂಪಸ್ ನೆಫ್ರೈಟಿಸ್ ಎನ್ನುತ್ತಾರೆ. ಲೂಪಸ್ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ಇದು ಬರಬಹುದು.

ಕಷ್ಟವೇನೆಂದರೆ ಇದು ಆರಂಭದಲ್ಲಿ ನೋಯುವುದಿಲ್ಲ. ಬೆರಳು ನೊಂದರೆ ಗೊತ್ತಾಗುತ್ತದೆ, ಕೆನ್ನೆ ಕೆಂಪಾದರೆ ಕನ್ನಡಿ ತೋರಿಸುತ್ತದೆ. ಮೂತ್ರಪಿಂಡ ಮಾತ್ರ ಏನೂ ಹೇಳುವುದಿಲ್ಲ. ಮೂತ್ರದಲ್ಲಿ ನಿಲ್ಲುವ ನೊರೆ, ಸಂಜೆ ಹೊತ್ತು ಪಾದ ಊದುವುದು, ಬೆಳಿಗ್ಗೆ ಕಣ್ಣಿನ ಸುತ್ತ ಊತ, ಬಿ.ಪಿ. ಏರುವುದು ಇವೆಲ್ಲ ಕಾಣಿಸುವಷ್ಟರಲ್ಲಿ ಸಾಕಷ್ಟು ಹಾನಿ ಆಗಿರಬಹುದು. ಆದ್ದರಿಂದ ಅದನ್ನು ನಾವೇ ಕೇಳಬೇಕು. ಕೇಳುವ ವಿಧಾನವೇ ಪರೀಕ್ಷೆ.

ಈ ವಿಧಾನ ಹೊಸದಲ್ಲ. 1827ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಎಂಬ ವೈದ್ಯರು ಮೈ ಊದಿಕೊಂಡ ರೋಗಿಗಳ ಮೂತ್ರವನ್ನು ಬಿಸಿ ಮಾಡಿ ನೋಡುತ್ತಿದ್ದುದರ ಬಗ್ಗೆ ಬರೆದರು. ಪ್ರೋಟೀನ್ ಇದ್ದರೆ ಅದು ಬೇಯಿಸಿದ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತಿತ್ತು. ಅಂಥವರು ಸತ್ತ ಮೇಲೆ ಮೂತ್ರಪಿಂಡ ಕೆಟ್ಟಿರುವುದು ಕಾಣುತ್ತಿತ್ತು. ಇಂದು ಲ್ಯಾಬ್‌ನಲ್ಲಿ ಪಟ್ಟಿ ಅದ್ದಿ ನೋಡುವ ಪರೀಕ್ಷೆಯ ಮೂಲ ಅಲ್ಲಿದೆ.

ಮತ್ತೆ ಫ್ಲಾನರಿಯವರ ಕಥೆಗೆ ಬರೋಣ. 1951ರಿಂದ ಅವರು ತಾಯಿಯ ಜೊತೆ ಮಿಲೆಜ್‌ವಿಲ್ ಹೊರವಲಯದ ಆಂಡಲೂಸಿಯಾ ಎಂಬ ಹೈನುಗಾರಿಕೆಯ ತೋಟದಲ್ಲಿ ನೆಲೆಸಿದರು. 544 ಎಕರೆಯ ಜಾಗ. ತಾಯಿ ತೋಟ ನೋಡಿಕೊಂಡರು. ಮೆಟ್ಟಿಲು ಹತ್ತಲು ಆಗದ ಮಗಳು ಕೆಳಗಿನ ಮುಂಭಾಗದ ಕೋಣೆಯನ್ನೇ ಮಲಗುವ ಮತ್ತು ಬರೆಯುವ ಕೋಣೆ ಮಾಡಿಕೊಂಡರು. ದಿನವೂ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಸುಮಾರು ಮೂರು ಗಂಟೆ ಬರೆಯುತ್ತಿದ್ದರು. ಅದಕ್ಕಿಂತ ಹೆಚ್ಚು ಶಕ್ತಿ ಇರಲಿಲ್ಲ. ಏನೂ ಹೊಳೆಯದ ದಿನವೂ ಆ ಹೊತ್ತಿಗೆ ಮೇಜಿನ ಮುಂದೆ ಕೂರುವುದನ್ನು ತಪ್ಪಿಸುತ್ತಿರಲಿಲ್ಲ. ಮಧ್ಯಾಹ್ನ ವಿಶ್ರಾಂತಿ, ಕಾಗದ ಬರೆಯುವುದು, ಹಕ್ಕಿಗಳಿಗೆ ಕಾಳು ಹಾಕುವುದು. ಬಾಲ್ಯದ ಕೋಳಿಯ ಹುಚ್ಚು ಈಗ ನವಿಲಿಗೆ ತಿರುಗಿತ್ತು. ಒಂದು ಹಂತದಲ್ಲಿ ಸುಮಾರು 40 ನವಿಲುಗಳಿದ್ದವು. ಅವು ತಾಯಿಯ ಹೂಗಿಡಗಳನ್ನು ತಿಂದುಹಾಕುತ್ತಿದ್ದವು.

ಈ ಮೂರು ಗಂಟೆಗಳಲ್ಲಿ ಆದ ಕೆಲಸ ನೋಡಿ. 1952ರಲ್ಲಿ ಮೊದಲ ಕಾದಂಬರಿ ವೈಸ್ ಬ್ಲಡ್, 1955ರಲ್ಲಿ ಮೊದಲ ಕಥಾಸಂಕಲನ, 1960ರಲ್ಲಿ ಎರಡನೇ ಕಾದಂಬರಿ. ಅವರ ಕಥೆಗಳಲ್ಲಿ ತಾವೇ ಒಳ್ಳೆಯವರು ಎಂದು ಬೀಗುವ ಜನರಿಗೆ ಒಂದು ಗಳಿಗೆಯಲ್ಲಿ ಕಣ್ಣು ತೆರೆಯುತ್ತದೆ. ಹಾಸ್ಯವೂ ಇದೆ, ಕ್ರೌರ್ಯವೂ ಇದೆ. ಅವರ ಬಗ್ಗೆ ಒಂದು ಟೀಕೆಯನ್ನೂ ಹೇಳಬೇಕು. ಕರಿಯರ ಬಗ್ಗೆ ಅವರು ಖಾಸಗಿ ಕಾಗದಗಳಲ್ಲಿ ಬರೆದ ಕೆಲವು ಮಾತುಗಳು ಒಪ್ಪುವಂಥವಲ್ಲ. ಆ ಕಾರಣಕ್ಕೆ 2020ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯ ತನ್ನ ವಸತಿಗೃಹಕ್ಕಿಟ್ಟಿದ್ದ ಅವರ ಹೆಸರನ್ನು ತೆಗೆಯಿತು. ಅವರ ಶಿಸ್ತನ್ನು ಮೆಚ್ಚುವ ನಾನು ಆ ಮಾತುಗಳನ್ನು ಸಮರ್ಥಿಸುವುದಿಲ್ಲ.

ಕಾಯಿಲೆ ಸುಮ್ಮನಿರಲಿಲ್ಲ. ಸೊಂಟದ ಕೀಲಿನ ಮೂಳೆ ಸವೆದು 1955ರಿಂದ ಎರಡು ಊರುಗೋಲು ಹಿಡಿದು ನಡೆಯಬೇಕಾಯಿತು. 1958ರಲ್ಲಿ ನೆಂಟರ ಒತ್ತಾಯಕ್ಕೆ ಫ್ರಾನ್ಸಿನ ಲೂರ್ದ್ ಎಂಬ ಕ್ಯಾಥೊಲಿಕ್ ಯಾತ್ರಾಸ್ಥಳಕ್ಕೆ ಹೋಗಿ ಬಂದರು. ಅಲ್ಲಿ ತಮ್ಮ ಮೂಳೆಗಿಂತ ಹೆಚ್ಚಾಗಿ ಅರ್ಧಕ್ಕೆ ನಿಂತಿದ್ದ ಕಾದಂಬರಿಗಾಗಿ ಪ್ರಾರ್ಥಿಸಿದ್ದಾಗಿ ಆಮೇಲೆ ಹೇಳಿಕೊಂಡರು. ಊರುಗೋಲು ಹಿಡಿದೇ ಹಲವು ಕಾಲೇಜುಗಳಿಗೆ ಹೋಗಿ ಉಪನ್ಯಾಸ ಕೊಟ್ಟರು.

1963ರ ಕೊನೆಗೆ ರಕ್ತಹೀನತೆ ಹೆಚ್ಚಾಯಿತು. ಕಾರಣ ಗರ್ಭಕೋಶದ ಒಂದು ಗೆಡ್ಡೆ. ಅದು ಕ್ಯಾನ್ಸರ್ ಅಲ್ಲ, ಆದರೆ ತೆಗೆಯಲೇಬೇಕಿತ್ತು. ಶಸ್ತ್ರಚಿಕಿತ್ಸೆಯಿಂದ ಲೂಪಸ್ ಮತ್ತೆ ಕೆರಳಬಹುದು ಎಂಬ ಭಯ ಇತ್ತು. 1964ರ ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಭಯಪಟ್ಟಂತೆಯೇ ಲೂಪಸ್ ಎದ್ದಿತು. ಮೂತ್ರಪಿಂಡಕ್ಕೆ ಸೋಂಕು ತಗುಲಿತು. ಅಟ್ಲಾಂಟಾದ ಆಸ್ಪತ್ರೆಯಲ್ಲಿ ಸುಮಾರು ಒಂದು ತಿಂಗಳು ಇದ್ದರು. ರಕ್ತದಲ್ಲಿ ಹೊರಹೋಗಬೇಕಾದ ಕಲ್ಮಶ ಏರುತ್ತಿದ್ದುದನ್ನು ಕಂಡು ಡಾ. ಮೆರಿಲ್ ಔಷಧದ ಪ್ರಮಾಣ ಬದಲಾಯಿಸುತ್ತಾ ಹೋದರು. ಹಾಸಿಗೆಯಲ್ಲೇ ಕಥೆಗಳನ್ನು ತಿದ್ದುತ್ತಿದ್ದ ಫ್ಲಾನರಿ, ವೈದ್ಯರು ಕೆಲಸ ಬೇಡ ಎನ್ನಬಹುದೆಂದು ಹಾಳೆಗಳನ್ನು ದಿಂಬಿನ ಕೆಳಗೆ ಬಚ್ಚಿಡುತ್ತಿದ್ದರು. ಆ ಕಥೆಗಳು ಮುಗಿದವು. 1964ರ ಆಗಸ್ಟ್ 3ರಂದು ಮೂತ್ರಪಿಂಡಗಳ ವೈಫಲ್ಯದಿಂದ ಅವರು ತೀರಿಕೊಂಡರು. ವಯಸ್ಸು 39. ಮಿಲೆಜ್‌ವಿಲ್‌ನಲ್ಲಿ ತಂದೆಯ ಪಕ್ಕದಲ್ಲೇ ಅವರ ಸಮಾಧಿ ಇದೆ. ಕೊನೆಯ ಕಥೆಗಳ ಪುಸ್ತಕ 1965ರಲ್ಲಿ ಬಂತು. ಸಮಗ್ರ ಕಥೆಗಳಿಗೆ 1972ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಪ್ರಶಸ್ತಿ ಸಿಕ್ಕಿತು.

ಅವರನ್ನು ಉಳಿಸಲು ಆಗುತ್ತಿರಲಿಲ್ಲವೇ ಎಂದು ನಾನು ಯೋಚಿಸಿದ್ದೇನೆ. ಮೂತ್ರಪಿಂಡದ ಮೊದಲ ಯಶಸ್ವಿ ಕಸಿ 1954ರಲ್ಲಿ ಬೋಸ್ಟನ್‌ನಲ್ಲಿ ಅವಳಿ ಸಹೋದರರ ನಡುವೆ ಆಗಿತ್ತು. ದೀರ್ಘಕಾಲದ ಡಯಾಲಿಸಿಸ್ 1960ರಲ್ಲಿ ಸಿಯಾಟಲ್‌ನಲ್ಲಿ ಶುರುವಾಗಿತ್ತು. ಆದರೆ ಯಂತ್ರಗಳು ಬೆರಳೆಣಿಕೆಯಷ್ಟು. ಯಾರಿಗೆ ಕೊಡಬೇಕು ಎಂದು ತೀರ್ಮಾನಿಸಲು ಅಲ್ಲಿ ಒಂದು ಸಮಿತಿಯೇ ಇತ್ತು. 1950ರ ದಶಕದಲ್ಲಿ ಲೂಪಸ್ ಪತ್ತೆಯಾದ ನಾಲ್ಕು ವರ್ಷಗಳೊಳಗೆ ಸುಮಾರು ಅರ್ಧದಷ್ಟು ರೋಗಿಗಳು ತೀರಿಕೊಳ್ಳುತ್ತಿದ್ದರು. ಅಂಥ ಕಾಲದಲ್ಲಿ ಫ್ಲಾನರಿ ಹದಿಮೂರು ವರ್ಷಕ್ಕಿಂತ ಹೆಚ್ಚು ಬದುಕಿದರು. ಇಂದು ಬಹುಪಾಲು ಮಂದಿ ದಶಕಗಳ ಕಾಲ ಬದುಕುತ್ತಾರೆ, ಓದುತ್ತಾರೆ, ಕೆಲಸ ಮಾಡುತ್ತಾರೆ, ಮದುವೆಯಾಗಿ ಮಕ್ಕಳನ್ನೂ ಪಡೆಯುತ್ತಾರೆ. ಔಷಧಗಳು ಉತ್ತಮಗೊಂಡದ್ದು ಒಂದು ಕಾರಣ. ಮೂತ್ರಪಿಂಡದ ತೊಂದರೆಯನ್ನು ಬೇಗ ಹಿಡಿಯುವುದು ಇನ್ನೊಂದು.

ಹಾಗಾದರೆ ಇಂದು ಏನು ನೋಡುತ್ತಾರೆ? ಕಾಯಿಲೆ ತಣ್ಣಗಿದ್ದರೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ, ಕೆರಳಿದ್ದರೆ ಇನ್ನೂ ಬೇಗ, ವೈದ್ಯರು ಹೇಳಿದಂತೆ ಪರೀಕ್ಷೆ ಇರುತ್ತದೆ. ಮೂತ್ರದಲ್ಲಿ ಪ್ರೋಟೀನ್, ರಕ್ತಕಣ ಇದೆಯೇ ಎಂದು ನೋಡುತ್ತಾರೆ. ಪ್ರೋಟೀನ್ ಮತ್ತು ಕ್ರಿಯಾಟಿನೈನ್ ಅನುಪಾತ ಲೆಕ್ಕ ಹಾಕುತ್ತಾರೆ. ದಿನಕ್ಕೆ ಅರ್ಧ ಗ್ರಾಂಗಿಂತ ಹೆಚ್ಚು ಪ್ರೋಟೀನ್ ಸೋರುತ್ತಿದ್ದರೆ ಅದು ಎಚ್ಚರಿಕೆ. ರಕ್ತದಲ್ಲಿ ಕ್ರಿಯಾಟಿನೈನ್, ಸಿ3, ಸಿ4 ಮತ್ತು ಡಿ.ಎನ್.ಎ. ವಿರುದ್ಧದ ಪ್ರತಿಕಾಯ ನೋಡುತ್ತಾರೆ. ಪ್ರತಿ ಭೇಟಿಯಲ್ಲೂ ಬಿ.ಪಿ. ನೋಡುತ್ತಾರೆ. ಅನುಮಾನ ಬಂದರೆ ಸೂಜಿಯಿಂದ ಮೂತ್ರಪಿಂಡದ ಚಿಕ್ಕ ತುಣುಕು ತೆಗೆದು ಬಯಾಪ್ಸಿ ಮಾಡುತ್ತಾರೆ. ಯಾವ ಔಷಧ, ಎಷ್ಟು ಎಂಬುದನ್ನು ತೀರ್ಮಾನಿಸಲು ಅದು ನೆರವಾಗುತ್ತದೆ.

ಕ್ರಿಯಾಟಿನೈನ್ ಒಂದನ್ನೇ ನೋಡಿ ಸಮಾಧಾನಪಡಬಾರದು. ಮೂತ್ರಪಿಂಡದ ಶಕ್ತಿ ಬಹಳಷ್ಟು ಕುಂದುವವರೆಗೂ ಅದು ಮಾಮೂಲಿನಂತೆ ಕಾಣಬಹುದು. ಮೂತ್ರದ ಪ್ರೋಟೀನ್ ಮೊದಲು ಸುಳಿವು ಕೊಡುತ್ತದೆ. ಹಾಗೆಯೇ ಒಂದು ರಿಪೋರ್ಟ್ ಕೆಟ್ಟಿತೆಂದು ಹೆದರಬೇಕಾಗಿಲ್ಲ. ಜ್ವರ, ಹೆಚ್ಚು ಓಟ, ಮೂತ್ರದ ಸೋಂಕು, ಮುಟ್ಟಿನ ದಿನಗಳು ಇವೆಲ್ಲ ಫಲಿತಾಂಶವನ್ನು ಬದಲಿಸುತ್ತವೆ. ಬೆಳಗಿನ ಮೊದಲ ಮೂತ್ರದ ಮಾದರಿ ಕೊಡುವುದು ಒಳ್ಳೆಯದು. ವೈದ್ಯರನ್ನು ಕೇಳದೆ ಮೆಡಿಕಲ್ ಶಾಪ್‌ನಿಂದ ನೋವಿನ ಮಾತ್ರೆ ತಂದು ನುಂಗಬಾರದು. ಅವುಗಳಲ್ಲಿ ಹಲವು ಮೂತ್ರಪಿಂಡಕ್ಕೆ ಕೆಟ್ಟವು. ಚೆನ್ನಾಗಿದ್ದೇನೆ ಎಂದು ಸ್ಟೀರಾಯ್ಡ್ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಇನ್ನೂ ಅಪಾಯ.

ರಂಜಾನ್ ಬಗ್ಗೆ ಹಲವರು ಕೇಳುತ್ತಾರೆ. ಹೊತ್ತು ಹೊತ್ತಿಗೆ ಮಾತ್ರೆ, ನೀರು ಬೇಕಾದ್ದರಿಂದ ಸದ್ಯಕ್ಕೆ ಉಪವಾಸ ಬೇಡ ಎಂದು ನನ್ನ ವೈದ್ಯರು ಹೇಳಿದ್ದಾರೆ. ಮೊದಲ ವರ್ಷ ಸಹರಿಗೆ ಎಲ್ಲರೂ ಎದ್ದಾಗ ನಾನು ಹೊದಿಕೆಯೊಳಗೆ ಅತ್ತಿದ್ದೆ. ಮಸೀದಿಯ ಹಜರತ್ ಅಬ್ಬಾ ಅವರಿಗೆ ವಿವರಿಸಿದರು: ರೋಗಿಗೆ ಅಲ್ಲಾಹನೇ ರಿಯಾಯಿತಿ ಕೊಟ್ಟಿದ್ದಾನೆ, ವಾಸಿಯಾಗುವ ಭರವಸೆಯಿಲ್ಲದ ಕಾಯಿಲೆಯಾದರೆ ಫಿದ್ಯಾ ಇದೆ, ದೇಹ ನಮಗೆ ಕೊಟ್ಟ ಅಮಾನತ್. ಈಗ ನಾನು ಇಫ್ತಾರ್‌ಗೆ ಹಣ್ಣು ಹೆಚ್ಚುವ ಕೆಲಸ ನನ್ನದೆಂದು ತೆಗೆದುಕೊಂಡಿದ್ದೇನೆ. ಎಲ್ಲರಿಗೂ ಒಂದೇ ನಿಯಮ ಎಂದು ಇದನ್ನು ಓದಬೇಡಿ. ನಿಮ್ಮ ವೈದ್ಯರನ್ನೂ ನಿಮ್ಮ ಊರಿನ ಆಲಿಮರನ್ನೂ ಕೇಳಿ.

ಫ್ಲಾನರಿ ಓಕಾನರ್ ಅವರಿಗೆ ಇಂದಿನ ಔಷಧ ಇರಲಿಲ್ಲ, ಡಯಾಲಿಸಿಸ್ ಸಿಗಲಿಲ್ಲ. ಅವರ ಕೈಯಲ್ಲಿದ್ದದ್ದು ನಿಜದ ತಿಳಿವಳಿಕೆ ಮತ್ತು ದಿನಕ್ಕೆ ಮೂರು ಗಂಟೆ. ನಮ್ಮ ಕಾಲೇಜಿನಲ್ಲೂ ಸಕ್ಕರೆ ಕಾಯಿಲೆ, ಥೈರಾಯ್ಡ್, ಬಿ.ಪಿ. ಅಥವಾ ನನ್ನಂತೆ ಲೂಪಸ್ ಇಟ್ಟುಕೊಂಡು ಯಾರಿಗೂ ಹೇಳದೆ ಬರುವವರು ಇರಬಹುದು. ಅವರಲ್ಲಿ ನನ್ನ ಕೋರಿಕೆ ಇಷ್ಟೇ: ನಿಮ್ಮ ಕಾಯಿಲೆಯ ಹೆಸರನ್ನು ಸರಿಯಾಗಿ ಕೇಳಿ ತಿಳಿದುಕೊಳ್ಳಿ, ರಿಪೋರ್ಟುಗಳನ್ನು ದಿನಾಂಕದ ಪ್ರಕಾರ ಜೋಡಿಸಿಡಿ, ಪರೀಕ್ಷೆಯ ದಿನವನ್ನು ತಪ್ಪಿಸಬೇಡಿ. ಅಧ್ಯಾಪಕರಲ್ಲಿ ಒಂದು ವಿನಂತಿ: ಇಂಥ ವಿದ್ಯಾರ್ಥಿ ತಿಂಗಳಲ್ಲಿ ಒಂದು ದಿನ ಆಸ್ಪತ್ರೆಗೆಂದು ರಜೆ ಕೇಳಿದರೆ, ತರಗತಿಯ ಎಲ್ಲರೆದುರು ಕಾರಣ ಕೇಳದೆ ಕೊಡಿ.

ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ನೀಡಲಿ. ಆಮೀನ್.

ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಿಜ್ಞಾನ ವಿಭಾಗ